ಪಕ್ಕದ ದೇಶ ಹೊತ್ತಿ ಉರಿಯುವಾಗ ಏನ್ ಮಾಡ್ಬೇಕು? ಶ್ರೀಲಂಕಾದಲ್ಲಿ ಹಿಡಿದ ದಾರಿಗಳನ್ನ ಪಕ್ಕಪಕ್ಕ ಇಟ್ಟು ನೋಡೋಣ

ಪಕ್ಕದ ಯಾವ್ದಾದ್ರೂ ದೇಶದಲ್ಲಿ ಒಂದು ಜನಾಂಗದವರನ್ನ ಇನ್ನೊಂದು ಜನಾಂಗದವರು ಹೊಡೀತಿದ್ದಾರೆ ಅಂತ ಸುದ್ದಿ ಬಂದ ತಕ್ಷಣ ನಮ್ಮಲ್ಲಿ ಎರಡು ಥರದ ಮಾತು ಶುರುವಾಗುತ್ತೆ. ಒಂದು, "ಆರ್ಮಿ ಕಳಿಸಿ, 1971ರಲ್ಲಿ ಬಾಂಗ್ಲಾದಲ್ಲಿ ಎರಡು ವಾರದೊಳಗೆ ಮುಗಿಸ್ಲಿಲ್ವಾ". ಇನ್ನೊಂದು, "ಊರ ಉಸಾಬರಿ ನಮಗ್ಯಾಕೆ". ಎರಡೂ ಹೇಳೋಕೆ ಸುಲಭ, ಆದ್ರೆ ಇವೆರಡರ ಮಧ್ಯೆ ಆರೇಳು ದಾರಿ ಇವೆ, ಒಂದೊಂದಕ್ಕೂ ಬೇರೆ ಬೇರೆ ಬೆಲೆ ಇದೆ, ಆ ಬೆಲೆ ಕಟ್ಟೋರು ಹೆಚ್ಚಿನ ಸಲ ನಿರ್ಧಾರ ತಗೊಂಡವರಲ್ಲ.

ಇದನ್ನ ಹೋಲಿಸಿ ನೋಡೋಕೆ ಶ್ರೀಲಂಕಾಕ್ಕಿಂತ ಒಳ್ಳೆ ಉದಾಹರಣೆ ನನಗೆ ಗೊತ್ತಿಲ್ಲ. 1983ರಿಂದ 2009ರ ತನಕ 26 ವರ್ಷದಲ್ಲಿ ಅದೇ ನೆಲದ ಮೇಲೆ, ಸಿಂಹಳರು, ತಮಿಳರು ಅನ್ನೋ ಅದೇ ಎರಡು ಜನಾಂಗದ ಮಧ್ಯೆ, ಹೊರಗಿನವರು ಏನೇನ್ ಮಾಡಬಹುದೋ ಹೆಚ್ಚುಕಡಿಮೆ ಅದೆಲ್ಲಾ ಮಾಡಿ ನೋಡಿದ್ದಾರೆ. ಅದ್ರಲ್ಲಿ ಅರ್ಧಕ್ಕರ್ಧ ಮಾಡಿದ್ದು ಭಾರತವೇ.

ಹಿನ್ನೆಲೆ ಚಿಕ್ಕದಾಗಿ ಹೇಳಿಬಿಡ್ತೀನಿ. 1956ರಲ್ಲಿ ಸಿಂಹಳ ಒಂದೇ ಆಡಳಿತ ಭಾಷೆ ಅಂತ ಕಾನೂನಾಯ್ತು, 70ರ ದಶಕದಲ್ಲಿ ಯೂನಿವರ್ಸಿಟಿ ಸೀಟಿಗೆ ತಮಿಳು ಹುಡುಗರು ಹೆಚ್ಚು ಮಾರ್ಕ್ಸ್ ತೆಗೀಬೇಕು ಅನ್ನೋ ಪದ್ಧತಿ ಬಂತು, 1981ರಲ್ಲಿ ತಮಿಳರೇ ಹೆಚ್ಚಿರೋ ಉತ್ತರದ ಜಾಫ್ನಾ ಪಟ್ಟಣದ ಲೈಬ್ರರಿ ಸುಟ್ಟರು, ತೊಂಬತ್ತು ಸಾವಿರಕ್ಕೂ ಹೆಚ್ಚು ಪುಸ್ತಕ, ಓಲೆಗರಿ ಸಮೇತ ಬೂದಿಯಾಯ್ತು. 1983 ಜುಲೈ 23ರ ರಾತ್ರಿ ಜಾಫ್ನಾ ಹತ್ರ ತಿರುನೆಲ್ವೇಲಿಯಲ್ಲಿ, ತಮಿಳರಿಗೆ ಬೇರೆ ದೇಶ ಬೇಕು ಅಂತ ಬಂದೂಕು ಹಿಡಿದಿದ್ದ ಎಲ್‌ಟಿಟಿಇ ಹೊಂಚು ಹಾಕಿ 13 ಸೈನಿಕರನ್ನ ಕೊಂದಿತು, ಮಾರನೇ ದಿನದಿಂದ ಕೊಲಂಬೋದಲ್ಲಿ ತಮಿಳರ ಮನೆ, ಅಂಗಡಿ ಹುಡುಕಿ ಹುಡುಕಿ ಸುಟ್ಟರು. ಕಪ್ಪು ಜುಲೈ ಅಂತಾರೆ ಅದನ್ನ. ಆಮೇಲಿನ ನಾಲ್ಕು ವರ್ಷದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನ ದೋಣಿ ಹತ್ತಿ ತಮಿಳುನಾಡಿಗೆ ಬಂದ್ರು. ಹಾಗಾಗಿ "ನಮಗ್ಯಾಕೆ" ಅನ್ನೋ ದಾರಿ ಭಾರತಕ್ಕೆ ನಿಜವಾಗ್ಲೂ ಇರಲೇ ಇಲ್ಲ, ಬೆಂಕಿ ಬಿದ್ದಿದ್ದು ಅಲ್ಲಿ, ಹೊಗೆ ಬಂದಿದ್ದು ನಮ್ಮ ಮನೆಗೆ.

ಅಳೆಯೋದು ಹೇಗೆ

ಯಾವ ದಾರಿ ಆದ್ರೂ ನಾನು ನಾಲ್ಕು ಪ್ರಶ್ನೆ ಹಾಕ್ತೀನಿ. ಬಂದೂಕು ಯಾರ ಕೈಲಿದೆಯೋ ಅವರು ಈ ಮಾತುಕತೇಲಿ ಸಹಿ ಹಾಕ್ತಿದ್ದಾರಾ? ಹೋಗ್ತಿರೋ ನಾವು ಯಾವ ಪಾತ್ರದಲ್ಲಿ ಹೋಗ್ತಿದ್ದೀವಿ, ಪಂಚಾಯ್ತಿ ಮಾಡೋಕಾ, ಕಾವಲಿಗಾ, ಹೊಡೆದಾಡೋಕಾ? ವಾಪಸ್ ಬರೋದು ಯಾವಾಗ, ಅದನ್ನ ತೀರ್ಮಾನ ಮಾಡೋದು ಯಾರು? ನಮ್ಮ ಪ್ಲಾನ್ ಕೆಟ್ಟರೆ ಸಾಯೋದು ಯಾರು? ಎರಡನೇ ಪ್ರಶ್ನೆಗೆ ನಾನು ಎಲ್ಲಕ್ಕಿಂತ ಹೆಚ್ಚು ತೂಕ ಕೊಡ್ತೀನಿ, ಯಾಕೆ ಅಂತ ಮುಂದೆ ಓದ್ತಾ ಹೋದ್ರೆ ಗೊತ್ತಾಗುತ್ತೆ.

ಬರೀ ಮಾತುಕತೆ

ಕಪ್ಪು ಜುಲೈ ನಡೀತಿರುವಾಗ್ಲೇ ಇಂದಿರಾ ಗಾಂಧಿ ವಿದೇಶಾಂಗ ಮಂತ್ರಿ ನರಸಿಂಹರಾವ್ ಅವರನ್ನ ಕೊಲಂಬೋಗೆ ಕಳಿಸಿದ್ರು, ಆಮೇಲೆ ಅವರ ದೂತರಾಗಿ ಜಿ. ಪಾರ್ಥಸಾರಥಿ ತಿಂಗಳುಗಟ್ಲೆ ಓಡಾಡಿ ತಮಿಳು ಪ್ರದೇಶಗಳಿಗೆ ಪ್ರಾಂತೀಯ ಅಧಿಕಾರ ಕೊಡೋ ಒಂದು ಪ್ರಸ್ತಾಪ ತಯಾರು ಮಾಡಿದ್ರು. 1985ರ ಜುಲೈ, ಆಗಸ್ಟಲ್ಲಿ ಭೂತಾನಿನ ಥಿಂಪುವಿನಲ್ಲಿ ಎರಡು ಸುತ್ತು ಮಾತು. ತಮಿಳರ ಕಡೆಯಿಂದ ಆರು ಸಂಘಟನೆ ಒಟ್ಟಿಗೆ ಕೂತಿದ್ವು, ಎಲ್‌ಟಿಟಿಇ ಕೂಡ ಇತ್ತು, ಸರ್ಕಾರದ ಕಡೆಯಿಂದ ಅಧ್ಯಕ್ಷ ಜಯವರ್ಧನೆ ಅವರ ತಮ್ಮ, ವಕೀಲರು, ಬಂದಿದ್ರು. ತಮಿಳರು ನಾಲ್ಕು ಅಂಶ ಇಟ್ರು: ನಾವೊಂದು ಪ್ರತ್ಯೇಕ ಜನಾಂಗ ಅಂತ ಒಪ್ಪಿ, ನಮ್ಮ ತಾಯ್ನಾಡು ಅಂತ ಒಪ್ಪಿ, ಸ್ವಯಂನಿರ್ಣಯದ ಹಕ್ಕು ಕೊಡಿ, ಎಲ್ಲಾ ತಮಿಳರಿಗೂ ಪೌರತ್ವ ಕೊಡಿ. ಮೊದಲ ಮೂರಕ್ಕೆ ಸರ್ಕಾರ ಆಗಲ್ಲ ಅಂತು. ಎರಡನೇ ಸುತ್ತು ನಡೀತಿರುವಾಗ ವವುನಿಯಾದಲ್ಲಿ ತಮಿಳು ನಾಗರಿಕರ ಕೊಲೆಗಳಾದ ಸುದ್ದಿ ಬಂತು, ತಮಿಳು ಪ್ರತಿನಿಧಿಗಳು ಎದ್ದು ಹೋದ್ರು.

ಬೆಂಗಳೂರಿಗೂ ಇದ್ರಲ್ಲಿ ಪಾಲಿದೆ. 1986 ನವೆಂಬರಲ್ಲಿ ಇಲ್ಲೇ ಸಾರ್ಕ್ ಸಮ್ಮೇಳನ ಆಯ್ತು, ಜಯವರ್ಧನೆ ಬಂದಿದ್ರು, ರಾಜೀವ್ ಗಾಂಧಿ ಇದ್ರು, ತಮಿಳುನಾಡಿನ ಮುಖ್ಯಮಂತ್ರಿ ಎಂಜಿಆರ್ ಬಂದ್ರು, ಎಲ್‌ಟಿಟಿಇ ನಾಯಕ ಪ್ರಭಾಕರನ್‌ನೂ ಚೆನ್ನೈಯಿಂದ ವಿಮಾನದಲ್ಲಿ ಕರ್ಕೊಂಡು ಬಂದು ಒಪ್ಪಿಸೋ ಪ್ರಯತ್ನ ಆಯ್ತು. ಪೂರ್ವ ಪ್ರಾಂತ್ಯನ ಮೂರು ಭಾಗ ಮಾಡೋಣ ಅನ್ನೋ ಪ್ರಸ್ತಾಪಕ್ಕೆ ಆತ ಒಪ್ಪಲಿಲ್ಲ.

ಈ ದಾರಿಯ ಖರ್ಚು ಕಡಿಮೆ, ನಮ್ಮ ಕಡೆ ಯಾರೂ ಸಾಯಲ್ಲ. ಆದ್ರೆ ಇದಕ್ಕೆ ಸಮಯ ಬೇಕು, ಆ ಸಮಯದಲ್ಲಿ ಅಲ್ಲಿ ಸಾಯ್ತಿರೋರಿಗೆ ನಾವು ಏನ್ ಹೇಳೋದು ಅನ್ನೋದಕ್ಕೆ ಉತ್ತರ ಇಲ್ಲ. ಹಾಗಂತ ಥಿಂಪು ಫೇಲಾಗಿದ್ದು ಮಾತುಕತೆ ಅನ್ನೋ ದಾರಿ ಕೆಟ್ಟದ್ದು ಅಂತಲ್ಲ. ಅದೇ ಹೊತ್ತಿಗೆ ಹಿಂಬಾಗಿಲಲ್ಲಿ ಇನ್ನೊಂದು ಕೆಲಸ ನಡೀತಿತ್ತು.

ಒಂದು ಕಡೆಗೆ ಗುಟ್ಟಾಗಿ ಬಂದೂಕು ಕೊಡೋದು

1983ರಿಂದ್ಲೇ ಭಾರತದ ಗುಪ್ತಚರ ಸಂಸ್ಥೆ ರಾ ತಮಿಳು ಸಂಘಟನೆಗಳ ಹುಡುಗರಿಗೆ ನಮ್ಮ ನೆಲದಲ್ಲಿ ತರಬೇತಿ ಕೊಟ್ಟಿತು, ಆಯುಧ ಕೊಟ್ಟಿತು. ಲೆಕ್ಕಾಚಾರ ಏನಂದ್ರೆ ಜಯವರ್ಧನೆ ಸರ್ಕಾರ ಅಮೆರಿಕ, ಪಾಕಿಸ್ತಾನ, ಇಸ್ರೇಲ್ ಕಡೆ ವಾಲ್ತಿದೆ, ಸ್ವಲ್ಪ ಒತ್ತಡ ಇದ್ರೆ ಮಾತುಕತೆಗೆ ಬರುತ್ತೆ. ಒಂದೇ ಸಂಘಟನೆ ಕೈ ಮೇಲಾಗಬಾರ್ದು ಅಂತ ಹಲವಾರು ಸಂಘಟನೆಗಳಿಗೆ ಕೊಟ್ರು. ಆಗಿದ್ದೇನು? 1986ರ ಮೇ ತಿಂಗಳಲ್ಲಿ ಎಲ್‌ಟಿಟಿಇ ತನ್ನ ಜೊತೆಗಾರ ಸಂಘಟನೆ ಟೆಲೋ ಮೇಲೇ ಬಿದ್ದು ಅದರ ನಾಯಕ ಶ್ರೀ ಸಬಾರತ್ನಂ ಸೇರಿ ನೂರಾರು ತಮಿಳು ಹುಡುಗರನ್ನ ಕೊಂದಿತು. ಕೊನೆಗೆ ಉಳಿದಿದ್ದು ಒಂದೇ ದೊಡ್ಡ ಬಂದೂಕು, ಅದು ಯಾರ ಮಾತೂ ಕೇಳದ ಬಂದೂಕು.

ಎರಡು ದೋಣಿ ಮೇಲೆ ಕಾಲಿಟ್ಟು ಹೊಳೆ ದಾಟೋಕಾಗಲ್ಲ ಅಂತ ನಮ್ಮ ಹಿರಿಯರು ಹೇಳ್ತಾರಲ್ಲ, ಇದು ಅದೇ. ಪಂಚಾಯ್ತಿ ಕಟ್ಟೆ ಮೇಲೆ ಕೂತು ನ್ಯಾಯ ಹೇಳೋರು ರಾತ್ರಿ ಹೊತ್ತು ಒಬ್ಬನ ಮನೆಗೆ ಮಚ್ಚು ಕೊಟ್ಟು ಬಂದ್ರೆ ಬೆಳಗ್ಗೆ ಅವರ ಮಾತನ್ನ ಯಾರು ನಂಬ್ತಾರೆ? ಸಿಂಹಳರು ಭಾರತನ ಮಧ್ಯಸ್ಥ ಅಂತ ನಂಬಲಿಲ್ಲ, ಅದ್ರಲ್ಲಿ ತಪ್ಪೇನೂ ಇರಲಿಲ್ಲ. ಇನ್ನು ತಮಿಳು ಸಂಘಟನೆಗಳಿಗೂ ನಂಬಿಕೆ ಹೋಯ್ತು. ಬೆಂಗಳೂರಿನ ಸಮ್ಮೇಳನದ ಹಿಂದೆಮುಂದೆ, 1986ರ ನವೆಂಬರಲ್ಲೇ ತಮಿಳುನಾಡು ಪೊಲೀಸರು ಇದೇ ಹುಡುಗರ ಆಯುಧ ಕಿತ್ಕೊಂಡ್ರು, ವೈರ್‌ಲೆಸ್ ಸೆಟ್ ಕಿತ್ಕೊಂಡ್ರು, ಪ್ರಭಾಕರನ್ ಉಪವಾಸ ಕೂತ, ಅದನ್ನ ವಾಪಸ್ ಕೊಟ್ರು. ಕೊಡೋದೂ ನಾವೇ, ಕಿತ್ಕೊಳ್ಳೋದೂ ನಾವೇ, ಮತ್ತೆ ಕೊಡೋದೂ ನಾವೇ. 1987ರ ಜನವರೀಲಿ ಆತ ಭಾರತ ಬಿಟ್ಟು ಜಾಫ್ನಾಕ್ಕೆ ಹೋದ.

ನಾನು ಎಲ್ಲಾ ದಾರಿಗಳಲ್ಲೂ ಇದಕ್ಕೆ ಕೊನೇ ಸ್ಥಾನ ಕೊಡ್ತೀನಿ. ಶುರುವಲ್ಲಿ ಅಗ್ಗ ಅನ್ಸುತ್ತೆ, ಲೋಕಸಭೇಲಿ ಯಾರೂ ಪ್ರಶ್ನೆ ಕೇಳಲ್ಲ, ನಮ್ಮ ಸೈನಿಕ ಒಬ್ಬನೂ ಹೋಗಬೇಕಾಗಿಲ್ಲ. ಆದ್ರೆ ಕೊಟ್ಟ ಬಂದೂಕನ್ನ ವಾಪಸ್ ತಗೊಳ್ಳೋ ದಾರಿ ಯಾರ ಹತ್ರನೂ ಇಲ್ಲ.

ಬಲ ತೋರಿಸೋದು, ಬಳಸದೇ ಇರೋದು

1987ರ ಶುರುವಲ್ಲಿ ಲಂಕಾ ಸರ್ಕಾರ ಜಾಫ್ನಾಕ್ಕೆ ಪೆಟ್ರೋಲ್, ಸೀಮೆಎಣ್ಣೆ ಎಲ್ಲಾ ಬಂದ್ ಮಾಡ್ತು, ಮೇ ಕೊನೇಲಿ ಅದೇ ಜಾಫ್ನಾ ಪರ್ಯಾಯ ದ್ವೀಪದ ವಡಮರಾಚ್ಚಿ ಮೇಲೆ ದೊಡ್ಡ ಸೇನಾ ಕಾರ್ಯಾಚರಣೆ ಶುರುಮಾಡ್ತು. ಆಗ ಭಾರತ ಮಾಡಿದ್ದು ಎರಡು ಕೆಲಸ. ಜೂನ್ 3ಕ್ಕೆ ರಾಮೇಶ್ವರದಿಂದ ಅಕ್ಕಿ, ಬೇಳೆ, ಔಷಧಿ ತುಂಬಿಸಿ ಮೀನುಗಾರರ ದೋಣಿಗಳನ್ನ ಕಳಿಸ್ತು, ಲಂಕಾ ನೌಕಾಪಡೆ ಮಧ್ಯ ಸಮುದ್ರದಲ್ಲೇ ತಡೆದು ವಾಪಸ್ ಕಳಿಸ್ತು. ಮಾರನೇ ದಿನ, ಜೂನ್ 4ರ ಸಂಜೆ, ಬೆಂಗಳೂರಿನಿಂದ ಐದು ಎಎನ್-32 ವಿಮಾನ ಹೊರಟ್ವು, ಕಾವಲಿಗೆ ಮಿರಾಜ್ 2000 ಫೈಟರ್‌ಗಳು. ಅವು ಹೊರಡೋ ಹೊತ್ತಿಗೆ ದೆಹಲಿಯಲ್ಲಿ ಲಂಕಾ ರಾಯಭಾರಿಯನ್ನ ಕರೆಸಿ ಹೇಳಿದ್ರು, ಆಹಾರ ಹಾಕೋಕೆ ಬರ್ತಿದ್ದೀವಿ, ತಡೆದ್ರೆ ಬಲ ಪ್ರಯೋಗ ಮಾಡ್ತೀವಿ ಅಂತ. ಜಾಫ್ನಾ ಮೇಲೆ ಪ್ಯಾರಾಶೂಟಲ್ಲಿ ಸುಮಾರು 25 ಟನ್ ಸಾಮಾನು ಇಳಿಸಿ ವಾಪಸ್ ಬಂದ್ರು. ಆಪರೇಷನ್ ಪೂಮಾಲೈ ಅಂತ ಹೆಸರು, ನಮ್ಮ ಭಾಷೇಲಿ ಹೂಮಾಲೆ.

25 ಟನ್‌ನಿಂದ ಜಾಫ್ನಾ ಪರ್ಯಾಯ ದ್ವೀಪದ ಲಕ್ಷಾಂತರ ಜನರ ಹೊಟ್ಟೆ ತುಂಬಲ್ಲ, ಅದು ಎಲ್ರಿಗೂ ಗೊತ್ತಿತ್ತು. ಆದ್ರೆ ಒಂದೂ ಗುಂಡು ಹಾರಿಸದೇ ಕಾರ್ಯಾಚರಣೆ ನಿಲ್ತು, ಎರಡು ತಿಂಗಳೊಳಗೆ ಜಯವರ್ಧನೆ ಒಪ್ಪಂದಕ್ಕೆ ಬಂದ್ರು. ಇದು ಇನ್ನೊಂದು ದೇಶದ ಆಕಾಶಕ್ಕೆ ಅವರ ಒಪ್ಪಿಗೆ ಇಲ್ಲದೇ ನುಗ್ಗಿದ್ದು, ಕಾನೂನು ಪ್ರಕಾರ ತಪ್ಪೇ, ಸಿಂಹಳರಿಗೆ ಅವಮಾನ ಆಯ್ತು, ಅದರ ಸಿಟ್ಟು ಆಮೇಲೆ ಬಡ್ಡಿ ಸಮೇತ ತೀರಿಸಬೇಕಾಯ್ತು. ಆದ್ರೂ ನಾಲ್ಕು ಪ್ರಶ್ನೆ ಹಾಕಿ ನೋಡಿದ್ರೆ ಇದು ಅಷ್ಟೂ ದಾರಿಗಳಲ್ಲಿ ಅಚ್ಚುಕಟ್ಟಾಗಿದ್ದ ಒಂದು: ಪಾತ್ರ ಒಂದೇ, ಗುರಿ ಚಿಕ್ಕದು, ಸಂಜೆ ಹೋಗಿ ಸಂಜೇನೇ ವಾಪಸ್ ಬಂದ್ರು.

ಒಪ್ಪಂದ, ಅದರ ಹಿಂದೆ ಶಾಂತಿಪಾಲನಾ ಪಡೆ

ಇಲ್ಲಿ ಸ್ವಲ್ಪ ನಿಧಾನ ಓದಿ, ಇದೇ ಮುಖ್ಯ.

1987 ಜುಲೈ 29ಕ್ಕೆ ಕೊಲಂಬೋದಲ್ಲಿ ಕರ್ಫ್ಯೂ ಮಧ್ಯೆ ರಾಜೀವ್ ಗಾಂಧಿ, ಜಯವರ್ಧನೆ ಸಹಿ ಹಾಕಿದ್ರು. ಒಪ್ಪಂದದಲ್ಲಿ ಒಳ್ಳೆ ಅಂಶಗಳಿದ್ವು: ತಮಿಳು ಕೂಡ ಆಡಳಿತ ಭಾಷೆ, ಉತ್ತರ ಮತ್ತು ಪೂರ್ವ ಪ್ರಾಂತ್ಯ ತಾತ್ಕಾಲಿಕವಾಗಿ ಒಂದು, ಪ್ರಾಂತೀಯ ಕೌನ್ಸಿಲ್, ಪೂರ್ವದಲ್ಲಿ ಆಮೇಲೆ ಜನಮತ. ಕದನವಿರಾಮ ಆಗಿ 72 ಗಂಟೇಲಿ ತಮಿಳು ಸಂಘಟನೆಗಳು ಆಯುಧ ಒಪ್ಪಿಸಬೇಕು. ಜೊತೆಗೆ ಪತ್ರಗಳ ವಿನಿಮಯ ಬೇರೆ ಆಯ್ತು, ಅದ್ರಲ್ಲಿ ಟ್ರಿಂಕೋಮಲಿ ಬಂದರು, ಅಲ್ಲಿನ ತೈಲ ಟ್ಯಾಂಕು, ವಿದೇಶಿ ಗುಪ್ತಚರದವರು ಲಂಕಾದಲ್ಲಿ ಇರಬಾರ್ದು ಅನ್ನೋ ಭಾರತದ ಸ್ವಂತ ಕಾಳಜಿಗಳು. ಅಂದ್ರೆ ಭಾರತ ಮಧ್ಯಸ್ಥ ಮಾತ್ರ ಅಲ್ಲ, ತನ್ನದೂ ಒಂದು ಪಾಲು ಇಟ್ಕೊಂಡ ಪಾರ್ಟಿ ಕೂಡ.

ಸಹಿ ಹಾಕದೇ ಇದ್ದದ್ದು ಯಾರು ಗೊತ್ತಾ? ಬಂದೂಕು ಹಿಡಿದವರು. ಪ್ರಭಾಕರನ್‌ನ ದೆಹಲಿಗೆ ಕರೆಸಿ ಅಶೋಕ ಹೋಟೆಲ್‌ನಲ್ಲಿ ಕಾವಲಲ್ಲಿ ಇಟ್ಟು ಒಪ್ಪಂದದ ವಿಷಯ ತಿಳಿಸಿದ್ರು, ಆತನ ಸಹಿ ಅದ್ರಲ್ಲಿ ಇಲ್ಲ. ಆಗಸ್ಟ್ 4ಕ್ಕೆ ಜಾಫ್ನಾ ಹತ್ರ ಸುದುಮಲೈಯಲ್ಲಿ ಸಾವಿರಾರು ಜನರ ಮುಂದೆ ನಿಂತು, ಆಯುಧ ಕೊಡ್ತೀವಿ ಆದ್ರೆ ತಮಿಳು ಈಳಂ, ಅಂದ್ರೆ ಪ್ರತ್ಯೇಕ ತಮಿಳು ದೇಶದ ಗುರಿ ಬಿಡಲ್ಲ ಅಂತ ಬಹಿರಂಗವಾಗೇ ಹೇಳಿದ. ಇನ್ನೊಂದು ಕಡೆ ಲಂಕಾದ ಪ್ರಧಾನಿ ಪ್ರೇಮದಾಸ ಒಪ್ಪಂದಕ್ಕೇ ವಿರೋಧ, ಸಹಿ ಸಮಾರಂಭಕ್ಕೇ ಬರಲಿಲ್ಲ. ಮಾರನೇ ದಿನ ಗಾರ್ಡ್ ಆಫ್ ಆನರ್ ನೋಡ್ತಾ ನಡೀತಿದ್ದ ರಾಜೀವ್ ಅವರ ಮೇಲೆ ಸಾಲಲ್ಲಿ ನಿಂತಿದ್ದ ಒಬ್ಬ ನೌಕಾಪಡೆಯವನು ರೈಫಲ್ ತಿರುಗಿಸಿ ಬೀಸಿದ, ರಾಜೀವ್ ಬಗ್ಗಿದ್ರು, ಏಟು ಭುಜಕ್ಕೆ ಬಿತ್ತು. ಆ ಒಂದು ಫೋಟೋ ಸಾಕು, ಒಪ್ಪಂದಕ್ಕೆ ಕೊಲಂಬೋ ಬೀದೀಲಿ ಎಷ್ಟು ಒಪ್ಪಿಗೆ ಇತ್ತು ಅಂತ ಹೇಳೋಕೆ.

ಒಪ್ಪಂದದ ಹಿಂದೆಯೇ ಐಪಿಕೆಎಫ್, ಅಂದ್ರೆ ಭಾರತದ ಶಾಂತಿಪಾಲನಾ ಪಡೆ, ಲಂಕಾಕ್ಕೆ ಹೋಯ್ತು, ಹೋಗಿದ್ದು ಕಾವಲು ಕಾಯೋಕೆ. ಮೊದಲು ಜಾಫ್ನಾ ಜನ ಹೂಮಾಲೆ ಹಾಕಿ ಬರಮಾಡ್ಕೊಂಡ್ರು, ಇದು ನಿಜ. ಸೆಪ್ಟೆಂಬರ್ 26ಕ್ಕೆ ತಿಲೀಪನ್ ಅನ್ನೋ ಎಲ್‌ಟಿಟಿಇ ಹುಡುಗ ಉಪವಾಸ ಕೂತು ಸತ್ತ, ಒಂದು ತೊಟ್ಟು ನೀರೂ ಕುಡೀದೇ. ಅಕ್ಟೋಬರ್ ಮೊದಲ ವಾರ ಲಂಕಾ ನೌಕಾಪಡೆ ಹಿಡಿದ ಎಲ್‌ಟಿಟಿಇಯವರನ್ನ ಕೊಲಂಬೋಗೆ ಸಾಗಿಸೋ ಹೊತ್ತಿಗೆ ಅವರು ಪಲಾಲಿಯಲ್ಲಿ ಸೈನೈಡ್ ಕಚ್ಚಿದ್ರು, ಕುಮಾರಪ್ಪ, ಪುಲೇಂದ್ರನ್ ಸೇರಿ ಹನ್ನೆರಡು ಜನ ಸತ್ರು. ಅವರನ್ನ ಬಿಡಿಸ್ಕೊಳ್ಳೋಕೆ ಖಾತ್ರಿದಾರ ಭಾರತಕ್ಕೆ ಆಗಲಿಲ್ಲ. ಆಮೇಲೆ ಪೂರ್ವದಲ್ಲಿ ಸಿಂಹಳ ನಾಗರಿಕರ ಕೊಲೆ ಶುರುವಾಯ್ತು, ಅಲ್ಲಿಗೆ ಕಾವಲಿಗೆ ಹೋದವರಿಗೆ ದೆಹಲಿಯಿಂದ ಆರ್ಡರ್ ಬಂತು, ಎಲ್‌ಟಿಟಿಇ ಆಯುಧ ಕಿತ್ಕೊಳ್ಳಿ. ಅಂದ್ರೆ ಎರಡೂವರೆ ತಿಂಗಳಲ್ಲಿ ಪಾತ್ರ ಬದಲಾಯ್ತು, ಪಡೆಯ ಹೆಸರು ಮಾತ್ರ ಬದಲಾಗ್ಲಿಲ್ಲ.

ಅಕ್ಟೋಬರ್ 11ರ ಮಧ್ಯರಾತ್ರಿ ಜಾಫ್ನಾ ಯೂನಿವರ್ಸಿಟಿಯ ಫುಟ್‌ಬಾಲ್ ಮೈದಾನದಲ್ಲಿ ಏನಾಯ್ತು ಅಂತ ಹೇಳ್ಲೇಬೇಕು. ಎಲ್‌ಟಿಟಿಇ ನಾಯಕರು ಅಲ್ಲಿದ್ದಾರೆ ಅನ್ನೋ ಸುದ್ದಿ ಮೇಲೆ ಹೆಲಿಕಾಪ್ಟರಲ್ಲಿ ಸೈನಿಕರನ್ನ ಇಳಿಸೋ ಪ್ಲಾನು. ಮೊದಲು 10 ಪ್ಯಾರಾ ಕಮಾಂಡೋಗಳು ಸುಮಾರು ನೂರು ಜನ, ಹಿಂದೆಯೇ 13 ಸಿಖ್ ಲೈಟ್ ಇನ್‌ಫೆಂಟ್ರಿಯ ದೊಡ್ಡ ತುಕಡಿ. ಎಲ್‌ಟಿಟಿಇಗೆ ಮುಂಚೇನೇ ವಾಸನೆ ಸಿಕ್ಕಿತ್ತು, ಸುತ್ತ ಕಟ್ಟಡಗಳಲ್ಲಿ ಮೆಷಿನ್ ಗನ್ ಇಟ್ಕೊಂಡು ಕಾಯ್ತಿದ್ರು. ಎಂಐ-8 ಹೆಲಿಕಾಪ್ಟರ್‌ಗಳಿಗೆ ಗುಂಡು ಬಿದ್ದು ಮುಂದಿನ ಸುತ್ತು ಹಾರೋಕಾಗ್ಲಿಲ್ಲ. ಸಿಖ್ ಲೈಟ್ ಇನ್‌ಫೆಂಟ್ರಿಯವರು ಇಳಿದಿದ್ದು 30 ಜನ ಅಷ್ಟೇ, ಮೇಜರ್ ಬೀರೇಂದ್ರ ಸಿಂಗ್ ಜೊತೆ. ಆ 30 ಜನ ಬಯಲಲ್ಲಿ ರಾತ್ರಿಯೆಲ್ಲಾ ಹೋರಾಡಿದ್ರು, ಬೆಳಗಾಯ್ತು, ಗುಂಡು ಮುಗೀತು, 29 ಜನ ಸತ್ರು, ಒಬ್ಬ ಸೆರೆ ಸಿಕ್ಕ. ಅವರು ಮನೆ ಬಿಟ್ಟು ಹೊರಟಾಗ ಶಾಂತಿ ಕಾಯೋಕೆ ಹೋಗ್ತಿದ್ದೀವಿ ಅಂತ ಹೇಳಿ ಹೊರಟವರು.

ಜಾಫ್ನಾ ಪಟ್ಟಣ ಹಿಡಿಯೋಕೆ ಎರಡು ವಾರ ಬೇಕಾಯ್ತು. ಅಕ್ಟೋಬರ್ 21ಕ್ಕೆ ಜಾಫ್ನಾ ಆಸ್ಪತ್ರೆಯೊಳಗೆ ನಮ್ಮ ಸೈನಿಕರ ಗುಂಡಿಗೆ ಡಾಕ್ಟರು, ನರ್ಸು, ರೋಗಿಗಳು ಸೇರಿ ಅರವತ್ತಕ್ಕೂ ಹೆಚ್ಚು ಜನ ಸತ್ರು. ಒಳಗಿಂದ ಎಲ್‌ಟಿಟಿಇ ಗುಂಡು ಹಾರಿಸ್ತು, ಅದಕ್ಕೆ ಹಾರಿಸಿದ್ವಿ ಅಂತ ಸೇನೆಯ ಮಾತು, ಬದುಕುಳಿದವರು ಹೇಳೋದು ಬೇರೆ. ನಮ್ಮ ಸೈನಿಕರ ಬಗ್ಗೆ ಗೌರವ ಇಟ್ಕೊಂಡೇ ಇದನ್ನ ಬರೀತಿದ್ದೀನಿ, ಮುಚ್ಚಿಟ್ಟರೆ ಹೋಲಿಕೆಗೆ ಅರ್ಥ ಇರಲ್ಲ. ನವೆಂಬರ್ 25ಕ್ಕೆ 8 ಮಹಾರ್‌ನ ಮೇಜರ್ ರಾಮಸ್ವಾಮಿ ಪರಮೇಶ್ವರನ್ ಎದೆಗೆ ಗುಂಡು ಬಿದ್ದ ಮೇಲೂ ಹೊಡೆದವನ ರೈಫಲ್ ಕಿತ್ಕೊಂಡು ಅವನನ್ನೇ ಹೊಡೆದು ಪ್ರಾಣ ಬಿಟ್ರು, ಪರಮವೀರ ಚಕ್ರ ಬಂತು. ಧೈರ್ಯಕ್ಕೆ ಎಲ್ಲೂ ಕೊರತೆ ಇರಲಿಲ್ಲ, ಕೊರತೆ ಇದ್ದಿದ್ದು ಇವರು ಅಲ್ಲಿ ಯಾಕಿದ್ದಾರೆ ಅನ್ನೋ ಸ್ಪಷ್ಟತೆಗೆ.

ಪಡೆ ಬೆಳೀತಾ ಬೆಳೀತಾ 70 ಸಾವಿರ ದಾಟ್ತು. ದಕ್ಷಿಣದಲ್ಲಿ ಭಾರತದ ಸೇನೆ ನಮ್ಮ ನೆಲದಲ್ಲಿದೆ ಅನ್ನೋ ಸಿಟ್ಟನ್ನೇ ಬಂಡವಾಳ ಮಾಡ್ಕೊಂಡು ಸಿಂಹಳರ ಎಡಪಂಥೀಯ ಪಕ್ಷ ಜೆವಿಪಿ ದಂಗೆ ಎದ್ದಿತು, ಅದನ್ನ ಹತ್ತಿಕ್ಕೋದ್ರಲ್ಲಿ ಹತ್ತಾರು ಸಾವಿರ ಸಿಂಹಳ ಯುವಕರು ಸತ್ರು, ಇದನ್ನ ನಮ್ಮಲ್ಲಿ ಯಾರೂ ಲೆಕ್ಕಕ್ಕೇ ತಗೊಳ್ಳಲ್ಲ. ಪ್ರೇಮದಾಸ ಅಧ್ಯಕ್ಷರಾದ ಮೇಲೆ ಎಲ್‌ಟಿಟಿಇ ಜೊತೆ ಸೇರಿ ಭಾರತನ ಹೊರಗೆ ಹಾಕೋಕೆ ಹೊರಟ್ರು, ಐಪಿಕೆಎಫ್ ವಿರುದ್ಧ ಬಳಸೋಕೆ ಎಲ್‌ಟಿಟಿಇಗೆ ಆಯುಧ ಕೂಡ ಕೊಟ್ರು. ಕರೆದವರೂ ಬೇಡ ಅಂತಾರೆ, ಯಾರಿಗಾಗಿ ಹೋದ್ವೋ ಅವರೂ ಬೇಡ ಅಂತಾರೆ. 1990 ಮಾರ್ಚ್ 24ಕ್ಕೆ ಕೊನೇ ಹಡಗು ಟ್ರಿಂಕೋಮಲಿ ಬಿಡ್ತು. ಸುಮಾರು 1200 ಸೈನಿಕರು ವಾಪಸ್ ಬರಲೇ ಇಲ್ಲ. ಚೆನ್ನೈ ಬಂದರಲ್ಲಿ ಸ್ವಾಗತಕ್ಕೆ ಮುಖ್ಯಮಂತ್ರಿ ಕರುಣಾನಿಧಿ ಹೋಗಲಿಲ್ಲ.

1991 ಮೇ 21ಕ್ಕೆ ಶ್ರೀಪೆರಂಬುದೂರಲ್ಲಿ ಎಲ್‌ಟಿಟಿಇ ರಾಜೀವ್ ಹತ್ಯೆ ಮಾಡ್ತು. ಹಂತಕರ ತಂಡದ ಶಿವರಸನ್ ಅಡಗಿದ್ದು ಬೆಂಗಳೂರಿನ ಕೋಣನಕುಂಟೆಯ ಒಂದು ಮನೇಲಿ, ಆಗಸ್ಟ್ 20ರ ಬೆಳಗ್ಗೆ ಕಮಾಂಡೋಗಳು ಒಳಗೆ ನುಗ್ಗೋ ಹೊತ್ತಿಗೆ ಅವನೂ ಅವನ ಜೊತೆಗಾತಿ ಶುಭಾನೂ ಸೇರಿ ಒಳಗಿದ್ದ ಏಳೂ ಜನ ಸತ್ತು ಬಿದ್ದಿದ್ರು. ಪೂಮಾಲೈ ವಿಮಾನ ಹೊರಟ ಊರಲ್ಲೇ ನಾಲ್ಕು ವರ್ಷದ ಮೇಲೆ ಆ ಮನೆ.

1971 ಯಾಕೆ ಇಲ್ಲಿ ಕೆಲಸ ಮಾಡ್ಲಿಲ್ಲ

ಬಾಂಗ್ಲಾದಲ್ಲಿ ಅವಾಮಿ ಲೀಗ್ 1970ರ ಚುನಾವಣೇಲಿ ಪೂರ್ವ ಪಾಕಿಸ್ತಾನದ 169 ಸೀಟಲ್ಲಿ 167 ಗೆದ್ದಿತ್ತು. ಅಲ್ಲಿ ಯಾರ ಪರ ಹೋಗ್ಬೇಕು ಅನ್ನೋದು ಜನರೇ ಓಟು ಹಾಕಿ ಹೇಳಿದ್ರು, ಸೋತ ಸೇನೆ ವಾಪಸ್ ಹೋಗೋಕೆ ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ಆಚೆ ಬೇರೆ ನೆಲ ಇತ್ತು, 1972ರ ಮಾರ್ಚಿಗೆಲ್ಲಾ ನಮ್ಮ ಸೇನೆ ಹೊರಗೆ ಬಂದಿತ್ತು. ಲಂಕಾದಲ್ಲಿ 1981ರ ಜನಗಣತಿ ಪ್ರಕಾರ ಲಂಕಾ ತಮಿಳರು ನೂರಕ್ಕೆ 12.7. ಯುದ್ಧ ಮುಗಿದ ಮೇಲೂ ಇಬ್ಬರೂ ಅದೇ ದ್ವೀಪದಲ್ಲಿ ಅಕ್ಕಪಕ್ಕ ಬದುಕಲೇಬೇಕು, ತಮಿಳು ಮಾತಾಡೋ ಮುಸ್ಲಿಮರು ಪೂರ್ವದಲ್ಲಿ ಬೇರೇನೇ ಇದ್ದಾರೆ. ಹಾಗಾಗಿ ಯಾರಾದ್ರೂ 1971 ಉದಾಹರಣೆ ಎತ್ತಿದ್ರೆ ಮೊದಲು ಕೇಳಿ, ಸೋತವರು ಎಲ್ಲಿಗೆ ಹೋಗ್ತಾರೆ?

ಬಾಂಬಿಂಗ್ ಬಗ್ಗೆ ಎರಡು ಮಾತು. ವಿಮಾನದಿಂದ ಹೊಡೆದ್ರೆ ನಮ್ಮವರು ಸಾಯಲ್ಲ ಅಂತ ನೇಟೋ 1999ರಲ್ಲಿ ಕೊಸೊವೊಗಾಗಿ ಸರ್ಬಿಯಾ ಮೇಲೆ 78 ದಿನ ಬಾಂಬ್ ಹಾಕ್ತು, ವಿಶ್ವಸಂಸ್ಥೆ ಭದ್ರತಾ ಮಂಡಳಿ ಒಪ್ಪಿಗೆ ಇಲ್ದೇ. ಅಲ್ಲಿನ ನಾಯಕ ಮಿಲೊಸೆವಿಚ್ ಮಣಿದ, ಅದು ನಿಜ, ಆದ್ರೆ ಆ 78 ದಿನದಲ್ಲೇ ಎಂಟು ಲಕ್ಷಕ್ಕೂ ಹೆಚ್ಚು ಕೊಸೊವೊ ಅಲ್ಬೇನಿಯನ್ನರನ್ನ ನೆಲದ ಮೇಲೆ ಮನೆಯಿಂದ ಓಡಿಸಿದ್ರು, ವಿಮಾನದಿಂದ ಅದನ್ನ ತಡೆಯೋಕಾಗ್ಲಿಲ್ಲ. ಅಲ್ಲಿಗೆ ಹೋದ ನೇಟೋ ಪಡೆ ಇಪ್ಪತ್ತೈದು ವರ್ಷ ಆದ್ರೂ ಇನ್ನೂ ಅಲ್ಲೇ ಇದೆ. ಬಲ ಇಲ್ಲದ ಕಾವಲು ಇನ್ನೂ ಭಯಂಕರ, ಬೋಸ್ನಿಯಾದ ಸ್ರೆಬ್ರೆನಿತ್ಸಾನ ವಿಶ್ವಸಂಸ್ಥೆ ಸುರಕ್ಷಿತ ಪ್ರದೇಶ ಅಂತ ಘೋಷಿಸಿ ಕೆಲವೇ ನೂರು ಡಚ್ ಸೈನಿಕರನ್ನ ಇಟ್ಟಿತ್ತು, 1995 ಜುಲೈನಲ್ಲಿ ಬೋಸ್ನಿಯನ್ ಸರ್ಬ್ ಪಡೆಯವರು ಸುಮಾರು ಎಂಟು ಸಾವಿರ ಮುಸ್ಲಿಂ ಗಂಡಸರು, ಹುಡುಗರನ್ನ ಕೊಂದ್ರು. ಸುರಕ್ಷಿತ ಅಂತ ನಂಬಿ ಬಂದವರು ಅವರು.

ದೂರದ ಮಧ್ಯಸ್ಥ

ಭಾರತ ಕೈ ಸುಟ್ಕೊಂಡ ಮೇಲೆ ನಾರ್ವೆ ಬಂತು. ಅದಕ್ಕೆ ಲಂಕಾದಲ್ಲಿ ಬಂದರೂ ಬೇಡ, ಸಮುದ್ರದಾಚೆ ಅದೇ ಭಾಷೆಯ ಓಟರ್‌ಗಳೂ ಇಲ್ಲ. 2002 ಫೆಬ್ರವರಿ 22ರ ಕದನವಿರಾಮಕ್ಕೆ ಪ್ರಧಾನಿ ರನಿಲ್ ವಿಕ್ರಮಸಿಂಘೆ, ಪ್ರಭಾಕರನ್ ಇಬ್ರೂ ಸಹಿ ಹಾಕಿದ್ರು, 1987ರಲ್ಲಿ ಆಗದೇ ಇದ್ದದ್ದು ಇದು. ಕಾವಲಿಗೆ ನಾರ್ಡಿಕ್ ದೇಶಗಳ ಬಂದೂಕಿಲ್ಲದ ವೀಕ್ಷಕರು. ಜಾಫ್ನಾಕ್ಕೆ ಹೋಗೋ, ವರ್ಷಗಟ್ಲೆ ಮುಚ್ಚಿದ್ದ ಎ9 ರಸ್ತೆ ತೆರೀತು, ಜಾಫ್ನಾದಿಂದ ಹೋದವರು ಬಸ್ಸಲ್ಲಿ ವಾಪಸ್ ಬಂದು ತಮ್ಮ ಮನೆ ಗೋಡೆ ಎಷ್ಟು ಉಳಿದಿದೆ ಅಂತ ನೋಡೋಕಾಯ್ತು. ಡಿಸೆಂಬರಲ್ಲಿ ಓಸ್ಲೋದಲ್ಲಿ ಫೆಡರಲ್ ವ್ಯವಸ್ಥೆ ಪರಿಶೀಲಿಸೋಣ ಅಂತ ಎರಡೂ ಕಡೆ ಒಪ್ಪಿದ್ರು. ನನ್ನ ಪ್ರಕಾರ ಈ ಒಂದೆರಡು ವರ್ಷದಲ್ಲಿ ಉಳಿದ ಜೀವಗಳ ಲೆಕ್ಕ ಹಾಕದೇ ನಾರ್ವೆ ಫೇಲಾಯ್ತು ಅನ್ನೋದು ಅನ್ಯಾಯ.

ಆದ್ರೆ ಇಲ್ಲಿ ಉಲ್ಟಾ ತೊಂದರೆ. ಪಾತ್ರ ಶುದ್ಧ, ಕೈಲಿ ಏನೂ ಇಲ್ಲ. ಕದನವಿರಾಮ ಮುರಿದ್ರೆ ವೀಕ್ಷಕರು ನೋಟ್‌ಬುಕ್ಕಲ್ಲಿ ಬರ್ಕೊಳ್ತಾರೆ, ಅಷ್ಟೇ. ಉಲ್ಲಂಘನೆಗಳಲ್ಲಿ ಬಹುಪಾಲು ಎಲ್‌ಟಿಟಿಇ ಹೆಸರಲ್ಲಿ ದಾಖಲಾಯ್ತು, ಮಕ್ಕಳನ್ನ ಪಡೆಗೆ ಸೇರಿಸ್ಕೊಳ್ಳೋದು ನಿಲ್ಲಲೇ ಇಲ್ಲ. 2003 ಏಪ್ರಿಲಲ್ಲಿ ಎಲ್‌ಟಿಟಿಇ ಮಾತುಕತೆ ಬಿಡ್ತು, ಜೂನಲ್ಲಿ ಟೋಕಿಯೋದಲ್ಲಿ ದಾನಿ ದೇಶಗಳು ನಾಲ್ಕೂವರೆ ಬಿಲಿಯನ್ ಡಾಲರ್ ಕೊಡ್ತೀವಿ ಅಂದ್ರೂ ಬರಲಿಲ್ಲ. 2005 ಆಗಸ್ಟಲ್ಲಿ ವಿದೇಶಾಂಗ ಮಂತ್ರಿ, ಸ್ವತಃ ತಮಿಳರಾದ ಲಕ್ಷ್ಮಣ್ ಕದಿರ್‌ಗಾಮರ್ ಅವರ ಹತ್ಯೆ ಆಯ್ತು. 2006ರಲ್ಲಿ ಯುರೋಪಿಯನ್ ಒಕ್ಕೂಟ ಎಲ್‌ಟಿಟಿಇನ ಭಯೋತ್ಪಾದಕ ಪಟ್ಟಿಗೆ ಹಾಕ್ತು, ಸರಿ ಅಂತ ಅನ್ಸುತ್ತೆ, ಆದ್ರೆ ವೀಕ್ಷಕರಲ್ಲಿ ಸ್ವೀಡನ್, ಫಿನ್‌ಲ್ಯಾಂಡ್, ಡೆನ್ಮಾರ್ಕ್‌ನವರು ಇದ್ರಲ್ಲ, ಅವರು ಹೊರಗೆ ಹೋಗ್ಲಿ ಅಂತ ಎಲ್‌ಟಿಟಿಇ ಪಟ್ಟು ಹಿಡೀತು, ಕಾವಲು ಅರ್ಧ ಖಾಲಿಯಾಯ್ತು. ನಿರ್ಬಂಧ, ಬ್ಯಾನ್ ಅನ್ನೋ ದಾರಿ ಬಳಸೋರು ಇದನ್ನ ನೆನಪಿಟ್ಕೋಬೇಕು, ಯಾವ ದಿನ ಹಾಕ್ತೀವಿ ಅನ್ನೋದು ಹಾಕ್ತೀವಾ ಇಲ್ವಾ ಅನ್ನೋದಷ್ಟೇ ಮುಖ್ಯ.

ಸರ್ಕಾರನೇ ಗೆಲ್ಲಲಿ ಅಂತ ಬಿಡೋದು

2008 ಜನವರೀಲಿ ಕೊಲಂಬೋ ಕದನವಿರಾಮ ರದ್ದು ಮಾಡ್ತು. ಈ ಸಲ ಭಾರತ, ಚೀನಾ, ಪಾಕಿಸ್ತಾನ, ಪಶ್ಚಿಮದ ದೇಶಗಳು ಯಾರೂ ಗಟ್ಟಿಯಾಗಿ ಅಡ್ಡ ನಿಲ್ಲಲಿಲ್ಲ. ಯುದ್ಧ ಮುಗೀತು, 2009 ಮೇ 18, 19ಕ್ಕೆ. ಈ ದಾರಿಯ ಪರ ಮಾತಾಡೋರು ಹೇಳೋದು ಅದನ್ನೇ, ಮುಗೀತಲ್ಲ, ಬಸ್ಸಲ್ಲಿ ಬಾಂಬ್ ಸಿಡಿಯೋದು ನಿಲ್ತಲ್ಲ ಅಂತ. ಹೌದು, ನಿಲ್ತು, ಅದು ಸಣ್ಣ ವಿಷಯ ಅಲ್ಲ. ಆದ್ರೆ ಕೊನೇ ತಿಂಗಳುಗಳಲ್ಲಿ ಮುಳ್ಳಿವಾಯ್ಕಾಲ್ ಅನ್ನೋ ಸಮುದ್ರದಂಡೆಯ ಒಂದು ಚೂರು ಮರಳಿನ ಮೇಲೆ ಲಕ್ಷಾಂತರ ಜನ ಸಿಕ್ಕಿಹಾಕ್ಕೊಂಡಿದ್ರು. ಹೊರಗೆ ಹೋಗೋಕೆ ನೋಡಿದವರಿಗೆ ಎಲ್‌ಟಿಟಿಇ ಗುಂಡು ಹೊಡೀತು, ಸರ್ಕಾರ ತಾನೇ ಸುರಕ್ಷಿತ ವಲಯ ಅಂತ ಘೋಷಿಸಿದ ಜಾಗದ ಮೇಲೆ, ಆಸ್ಪತ್ರೆಗಳ ಮೇಲೂ ಶೆಲ್ ಬಿತ್ತು. ವಿಶ್ವಸಂಸ್ಥೆಯ ತಜ್ಞರ ಸಮಿತಿ 2011ರಲ್ಲಿ 40 ಸಾವಿರದ ತನಕ ನಾಗರಿಕರು ಸತ್ತಿರಬಹುದು ಅಂತು. ನಾಪತ್ತೆಯಾದವರ ಫೋಟೋ ಹಿಡ್ಕೊಂಡು ಕಿಳಿನೊಚ್ಚಿ, ವವುನಿಯಾ ರಸ್ತೆ ಬದೀಲಿ 2017ರಿಂದ ಧರಣಿ ಕೂತ ತಾಯಂದಿರಲ್ಲಿ ಎಷ್ಟೋ ಜನ ಉತ್ತರ ಸಿಗದೇನೇ ತೀರಿಕೊಂಡ್ರು.

ಹಾಗಾದ್ರೆ ಯಾವುದು?

ನನ್ನನ್ನ ಕೇಳಿದ್ರೆ, ಕೊಲೆಗಳು ಶುರುವಾದ ಮೊದಲ ವಾರಗಳಲ್ಲಿ ಪೂಮಾಲೈ ಥರದ ಚಿಕ್ಕ, ಬಹಿರಂಗವಾದ, ಒಂದೇ ಗುರಿಯ ಒತ್ತಡ. ಅದರ ಬೆನ್ನಿಗೇ ಮಾತುಕತೆ, ಅದ್ರಲ್ಲಿ ನೆರೆಯ ದೇಶ ಮತ್ತೆ ದೂರದ ಮಧ್ಯಸ್ಥ ಇಬ್ರೂ ಇರ್ಬೇಕು ಆದ್ರೆ ಬೇರೆ ಬೇರೆ ಕುರ್ಚೀಲಿ: ಒತ್ತಡ ಹಾಕೋರು ಒಬ್ರು, ಪಂಚಾಯ್ತಿ ಮಾಡೋರು ಇನ್ನೊಬ್ರು. ಸೈನ್ಯ ಕಳಿಸೋ ಮಾತು ಬಂದ್ರೆ, ಬಂದೂಕು ಇರೋ ಎಲ್ರೂ ಸಹಿ ಹಾಕೋ ತನಕ ಒಬ್ಬ ಜವಾನನೂ ಹಡಗು ಹತ್ತಬಾರ್ದು, ಕಾವಲಿಗೆ ಹೋದವರಿಗೆ ಆಯುಧ ಕಿತ್ಕೊಳ್ಳಿ ಅಂತ ಆರ್ಡರ್ ಕೊಡೋ ದಿನ ಬಂದ್ರೆ ಕರೆಸ್ಕೊಂಡು ಮತ್ತೆ ಯೋಚನೆ ಮಾಡ್ಬೇಕು. ಇದಕ್ಕೆ ಒಂದು ಅಪವಾದ ಇದೆ, ರುವಾಂಡಾ. 1994ರಲ್ಲಿ ಸಹಿ, ಸಮ್ಮತಿ ಅಂತ ಕಾಯೋಕೆ ಟೈಮೇ ಇರಲಿಲ್ಲ, ಮೂರು ತಿಂಗಳಲ್ಲಿ ಸುಮಾರು ಎಂಟು ಲಕ್ಷ ಜನ ಸತ್ರು, ಅಲ್ಲಿದ್ದ ವಿಶ್ವಸಂಸ್ಥೆ ಪಡೆಯನ್ನ ಹೆಚ್ಚಿಸೋ ಬದಲು ಕೆಲವೇ ನೂರಕ್ಕೆ ಇಳಿಸಿದ್ರು. ಆ ಮಟ್ಟದ ಕೊಲೆ ನಡೆಯುವಾಗ ಹೊಡೆದಾಡೋಕೆ ಅಂತಲೇ, ಹಾಗಂತ ಹೇಳೇ ಹೋಗ್ಬೇಕು, ಶಾಂತಿಪಾಲನೆ ಅನ್ನೋ ಹೆಸರಲ್ಲಿ ಅಲ್ಲ.

ಇನ್ನೊಂದು ವಿಷಯ ಹೇಳದೇ ಬಿಟ್ರೆ ಈ ಹೋಲಿಕೆ ಅರ್ಧ ಆಗುತ್ತೆ. ಎಲ್ರೂ ಬೈದ ಆ 1987ರ ಒಪ್ಪಂದ, ಅದರಿಂದ ಬಂದ ಲಂಕಾ ಸಂವಿಧಾನದ 13ನೇ ತಿದ್ದುಪಡಿ, ಅದೊಂದೇ ಇವತ್ತಿಗೂ ಪುಸ್ತಕದಲ್ಲಿ ಉಳಿದಿದೆ. ತಮಿಳು ಆಡಳಿತ ಭಾಷೆ ಆಗಿದ್ದು ಅಲ್ಲಿಂದ, ಪ್ರಾಂತೀಯ ಕೌನ್ಸಿಲ್ ಬಂದಿದ್ದು ಅಲ್ಲಿಂದ. ಬಂದೂಕುಗಳು ಎಲ್ಲಾ ಹೋದ್ವು, ನಾರ್ವೆ ಕಾಗದ ಹೋಯ್ತು, ಉತ್ತರ ಪೂರ್ವ ಪ್ರಾಂತ್ಯ ಒಂದಾಗಿದ್ದನ್ನ 2006ರಲ್ಲಿ ಸುಪ್ರೀಂ ಕೋರ್ಟ್ ಬೇರೆ ಮಾಡ್ತು, ಈ ತಿದ್ದುಪಡಿ ಮಾತ್ರ ಉಳೀತು. 2013 ಸೆಪ್ಟೆಂಬರಲ್ಲಿ ಉತ್ತರ ಪ್ರಾಂತ್ಯಕ್ಕೆ ಮೊದಲ ಸಲ ಕೌನ್ಸಿಲ್ ಚುನಾವಣೆ ಆದಾಗ ಜನ ಕ್ಯೂ ನಿಂತು ಓಟು ಹಾಕಿದ್ರು, ತಮಿಳು ಮೈತ್ರಿಕೂಟ 38ರಲ್ಲಿ 30 ಸೀಟು ಗೆದ್ದಿತು. ಆ ಕೌನ್ಸಿಲ್ ಅವಧಿ 2018 ಅಕ್ಟೋಬರಲ್ಲಿ ಮುಗೀತು, ಆಮೇಲೆ ವರ್ಷಗಟ್ಲೆ ಚುನಾವಣೇನೇ ಮಾಡ್ಲಿಲ್ಲ, ರಾಜ್ಯಪಾಲರ ಕೈಲೇ ಆಡಳಿತ. ಬರೀ ಮಾತಿನ ಒತ್ತಡ ಹಾಕೋಕೆ ಭಾರತಕ್ಕೆ ಈಗ ಇರೋ ಜಾಗ ಇದು, ಒಬ್ಬ ಸೈನಿಕನೂ ಬೇಕಾಗಿಲ್ಲ ಇದಕ್ಕೆ.